ಮೂರನೆಯದು ಓಗೊಡಲಿಲ್ಲ

ತಮ್ಮನ ಹಳೆಯ ಪೆಟ್ರೋಲ್ ಪಿಕಪ್ ಗಾಡಿ ಮಳೆಗಾಲವಿಡೀ ‘ಮಿಸ್ಸಿಂಗ್’ ಹೊಡೆಯುತ್ತಿತ್ತು. ಹೊಸ ಪ್ಲಗ್ ಹಾಕಿಸಿದರೂ ಅದೇ ಕೆಮ್ಮು. ಎಂಜಿನ್ ಬಿಚ್ಚಬೇಕೆಂದರು ಒಬ್ಬರು. ತರಕಾರಿ ಸಾಗಿಸಿಯೇ ಬದುಕುವ ಮನೆ. ಅವನ ಹೆಂಡತಿ ಬಳೆ ಅಡವಿಡಲು ಹೊರಟಳು.

ತಡಿಯಮ್ಮಾ ಎಂದು ಯಾದವಗಿರಿಯ ಹಿರಿಯರೊಬ್ಬರ ಬಳಿಗೆ ಕರೆದೊಯ್ದೆ. 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾದಲ್ಲಿ ಯೆಜ್ಡಿ ಜೋಡಿಸಿದ ಕೈ ಅವರದು. ಎಂಜಿನ್ ಓಡುತ್ತಿರುವಾಗಲೇ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕಿದರು. ಕಿತ್ತಾಗ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ಮೂರನೆಯದನ್ನು ಕಿತ್ತರೂ ಸದ್ದು ಬದಲಾಗಲಿಲ್ಲ. ನಾನು ತರಗತಿಯಲ್ಲಿ ಹಾಜರಿ ಕೂಗುವ ಹಾಗೆಯೇ ಅಲ್ಲವೇ!

ದೀಪ ಆರಿಸಿ ವೈರಿಗೆ ನೀರು ಚಿಮುಕಿಸಿದರು. ಪ್ಲಗ್ ತಲುಪುವ ಮೊದಲೇ ಸೀಳಿನಿಂದ ನೀಲಿ ಕಿಡಿ ಹೊರಗೆ ಹಾರುತ್ತಿತ್ತು.

“ಎಂಜಿನ್ ತಂಟೆಗೆ ಹೋಗಬೇಡಿ ಮೇಡಂ, ವೈರ್ ಬದಲಾಯಿಸಿ ಸಾಕು” ಎಂದರು.

ಮರುದಿನ ನಸುಕಿಗೇ ಗಾಡಿ ಮಾರುಕಟ್ಟೆಗೆ ಹೊರಟಿತು. ಬಳೆ ಅವಳ ಕೈಯಲ್ಲೇ ಇತ್ತು.