ಎತ್ತುವ ಭಾರ, ಹೊರುವ ಭಾರ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಹುಡುಗರಿಗೆ ಮೈ ಬೆಳೆಸುವ ಹುಮ್ಮಸ್ಸು. ಕೊಪ್ಪಳ, ಗಂಗಾವತಿಯಲ್ಲಿ ಜಿಮ್‌ಗಳಿವೆ. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯ ಹುಡುಗ ದಿನಾ ಬಸ್ ಹತ್ತಿ ಅಲ್ಲಿಗೆ ಹೋಗಿಬರುವುದುಂಟೇ? ಮನೆಯಲ್ಲೇ ಒಂದಿಷ್ಟು ಸಾಮಾನು ಇದ್ದರಾಯಿತು ಎಂದುಕೊಂಡು ಅಪ್ಪನ ಮುಂದೆ ಬೇಡಿಕೆ ಇಡುತ್ತಾನೆ.

ಆ ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ 75 ಕಿಲೋದ ಭತ್ತದ ಚೀಲ ಹೊರುವ ಹಮಾಲನಾಗಿದ್ದರೆ ಉತ್ತರ ಹೀಗಿದ್ದೀತು: “ಭಾರಾ ಹೊರೂದು ಬ್ಯಾಡಂತನ ನಿನ್ನ ಸಾಲಿಗೆ ಕಳಿಸೇನಿ. ಈಗ ಭಾರಾ ಎತ್ತಾಕ ರೊಕ್ಕಾ ಕೇಳ್ತಿಯೇನೋ ತಮ್ಮಾ?”

ಮಾತಿನಲ್ಲಿ ನ್ಯಾಯವಿದೆ. ಆದರೆ ಎರಡು ಭಾರವೂ ಒಂದೇ ಅಲ್ಲ. ಹೊಟ್ಟೆಗಾಗಿ ಹೊರುವ ಭಾರ ಮೈಯ ಮಾತು ಕೇಳುವುದಿಲ್ಲ. ಬೆನ್ನು ನೋಯಲಿ, ಜ್ವರ ಇರಲಿ, ಲಾರಿ ತುಂಬಲೇಬೇಕು. ಸಾಧನೆಯ ಭಾರ ಹಾಗಲ್ಲ. ಇಂದು ಐದು ಕಿಲೋ, ಅದು ಸಲೀಸಾದ ಮೇಲೆ ಆರು. ಒಂದು ದಿನ ಎತ್ತಿದರೆ ಮರುದಿನ ಬಿಡುವು. ಸ್ನಾಯು ಬಲಿಯುವುದು ಆ ಬಿಡುವಿನಲ್ಲೇ.

ನಮ್ಮ ಕಡೆಗೆ ಇದೇನೂ ಹೊಸತಲ್ಲ. ದಂಡ, ಬೈಠಕ್, ಗುಂಡುಕಲ್ಲು, ಸಂಗ್ರಾಣಿ ಕಲ್ಲು ಉತ್ತರ ಕರ್ನಾಟಕದ ಹಳ್ಳಿಗಳು ಬಲ್ಲ ಸಾಧನೆಗಳೇ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ದೂರದವರಿಗೆ ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದರು.

ಹತ್ತಡಿ ಕೋಣೆಯಲ್ಲಿ ಮಂಚ, ಮೇಜು, ಜೋಳದ ಚೀಲ ಇಟ್ಟ ಮೇಲೆ ಉಳಿಯುವುದು ಒಂದು ಚಾಪೆಯಷ್ಟು ಜಾಗ. ಆದ್ದರಿಂದ ಸಾಮಾನು ಮಂಚದ ಕೆಳಗೆ ಹಿಡಿಸಬೇಕು. ಭಾರ ಸ್ವಲ್ಪಸ್ವಲ್ಪವೇ ಏರಿಸಲು ಬರಬೇಕು. ಬೇರೆಬೇರೆ ತೂಕದ ನಾಲ್ಕು ಜೊತೆ ಡಂಬೆಲ್ಸ್‌ಗಿಂತ ಬಿಲ್ಲೆ ತೆಗೆದು ಹಾಕುವ ಒಂದು ಜೊತೆ ಲೇಸು. ಬಿಲ್ಲೆ ಹಿಡಿದಿಡುವ ತಿರುಪು ಬಿಗಿಯಾಗಿ ಕೂರುತ್ತದೆಯೇ, ಬೆವರಿದ ಅಂಗೈಯಿಂದ ಹಿಡಿಕೆ ಜಾರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬೇಕು. ಸಣ್ಣ ಬಿಲ್ಲೆಗಳಿಲ್ಲದ ಜೊತೆ ಕೊಳ್ಳಬಾರದು. ರಬ್ಬರ್ ಪಟ್ಟಿ ಅಗ್ಗ, ಜೇಬಿನಲ್ಲೂ ಹಿಡಿಸುತ್ತದೆ. ಆದರೆ ನಮ್ಮ ಬಿಸಿಲಿಗೆ ಬಿಟ್ಟರೆ ಒಣಗಿ ಬಿರಿಯುತ್ತದೆ. ಎಳೆಯುವಾಗ ಹರಿದರೆ ಮುಖಕ್ಕೇ ಬಡಿದೀತು. ಹಳೆಯ ಮಾಳಿಗೆ ಮನೆಯ ತೊಲೆಗೆ ಜೋತುಬೀಳುವ ಮುನ್ನ ಗೆದ್ದಲು ಹಿಡಿದಿದೆಯೇ ಎಂದು ಹಿರಿಯರು ಪರೀಕ್ಷಿಸಲಿ. ಕೋಣೆ ತುಂಬುವ ಮಲ್ಟಿಜಿಮ್ ಬೇಡವೇ ಬೇಡ. ಹುಮ್ಮಸ್ಸು ಇಳಿದ ಮೇಲೆ ಅದು ಬಟ್ಟೆ ಒಣಹಾಕುವ ಗೂಟ.

ಭಾರ ಎತ್ತಿದರೆ ಮಕ್ಕಳ ಎತ್ತರ ನಿಲ್ಲುತ್ತದೆ ಎಂದು ತಾಯಂದಿರು ಹೆದರುತ್ತಾರೆ. ಸರಿಯಾಗಿ ಕಲಿತು ಮಾಡಿದರೆ ಆ ಹೆದರಿಕೆಗೆ ಆಧಾರವಿಲ್ಲ. 5ರಿಂದ 17 ವರ್ಷದವರು ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು, ಮೂಳೆ ಬಲಪಡಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ. ಅಪಾಯವಿರುವುದು ತಪ್ಪು ಭಂಗಿಯಲ್ಲಿ, ಗೆಳೆಯರ ಪಂಥಕ್ಕೆ ಬಿದ್ದು ಒಮ್ಮೆಲೇ ಹೆಚ್ಚು ಎತ್ತುವುದರಲ್ಲಿ.

ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು, ಭಾರವನ್ನು ಮೈಗೆ ಹತ್ತಿರ ತಂದು ಎತ್ತಬೇಕು. ಇದನ್ನು ಅನುಭವಿ ಹಮಾಲನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಗ ಇದನ್ನು ಅಪ್ಪನಿಂದಲೇ ಕಲಿತರೆ ಒಳ್ಳೆಯದು. ತಾನು ಹತ್ತು ಸಲ ಎತ್ತಿ ಸಾಕೆಂದು ಇಳಿಸುವವನು, ಸಾಕೆನ್ನಲಾಗದೆ ಹೊತ್ತವನ ಬೆನ್ನನ್ನು ಆಗ ಮೊದಲ ಸಲ ಸರಿಯಾಗಿ ನೋಡಿಯಾನು.

ಇನ್ನು ರೊಕ್ಕದ ಮಾತು. ಮೊದಲ ತಿಂಗಳು ಏನೂ ಕೊಳ್ಳುವುದು ಬೇಡ. ಗಟ್ಟಿ ಚೀಲದಲ್ಲಿ ಉಸುಕಿನ ಪೊಟ್ಟಣ ಕಟ್ಟಿಟ್ಟು, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಕಿಲೋ ಕಿಲೋ ಏರಿಸಲಿ. ವಾರಕ್ಕೆ ಮೂರು ದಿನ, ಓದು ಕೆಡದಂತೆ. ತಿಂಗಳು ತಪ್ಪದೆ ನಡೆದರೆ ತಂದೆ ಮಗ ಇಬ್ಬರೂ ಕೂಡಿ ಅಂಗಡಿಗೆ ಹೋಗಲಿ. ತಪ್ಪಿದರೆ ಹೋದದ್ದು ಒಂದು ಚೀಲ ಉಸುಕು.