ಮೈಲಾರಕ್ಕೆ ಹೊರಟ ಟ್ರೇಲರು, ನನ್ನ ಪ್ಲ್ಯಾನ್ ಬಿ

(1/4)
ಮೊದಲ ಫೋಟೊದಲ್ಲಿ ಇರೋದು ನಮ್ಮ ಮನೆ ಟ್ರೇಲರು. ವರ್ಷವೆಲ್ಲ ಗೊಬ್ಬರ, ಮೆಕ್ಕೆಜೋಳ, ಮೇವು ಹೇರುತ್ತೆ. ಭರತ ಹುಣ್ಣಿಮೆ ಬಂತು ಅಂದ್ರೆ ಮಾತ್ರ ಅದು ಮನೆ ಆಗುತ್ತೆ. ಬಿದಿರು ಬಗ್ಗಿಸಿ ಕಮಾನು, ಮೇಲೆ ತಾಡಪಾಲು, ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ಒಂದು ಮೂಲೆಯಲ್ಲಿ ಒಲೆ, ನೀರಿನ ಡ್ರಮ್ಮು, ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ. ಟ್ರಾಕ್ಟರ್ ಬ್ಯಾಟರಿಯಿಂದ ಎಳೆದ ಒಂದು ಬಲ್ಬು.

ಫಾರಿನ್ನಿನವರು ಮನೆಯಂಥ ವ್ಯಾನಿನಲ್ಲಿ ಊರೂರು ತಿರುಗೋ ರೀಲ್ಸ್ ನೀವೂ ನೋಡಿರ್ತೀರಿ. ನಮ್ಮ ಹಡಗಲಿ ಕಡೆ ಇದು ಹೊಸದಲ್ಲ. ಮೈಲಾರಲಿಂಗೇಶ್ವರನ ಜಾತ್ರೆಗೆ ಮೊದಲು ಬಂಡಿ ಕಟ್ಟಿಕೊಂಡು ಹೋಗ್ತಿದ್ರು, ಈಗ ಟ್ರಾಕ್ಟರು. ತುಂಗಭದ್ರೆ ದಂಡೆ ಊರು ಮೈಲಾರ. ಹಾವೇರಿ, ದಾವಣಗೆರೆ ಕಡೆಯವರೂ ಬರ್ತಾರೆ. ಹೊಲದ ತುಂಬ ಬಿಡಾರ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದಾಗ ಲಕ್ಷಾಂತರ ಜನ ಒಮ್ಮೆಗೇ ಸುಮ್ಮನಾಗೋದನ್ನ ಒಂದು ಸಲ ಕೇಳಬೇಕು ನೀವು. ಹೌದು, ಸುಮ್ಮನಿರೋದನ್ನೇ ಕೇಳಬೇಕು.

ಆದರೆ ಈ ಸಲ ಕಾರ್ಣಿಕದ ಬಗ್ಗೆ ಬರೀತಿಲ್ಲ. ಹೋದ ವರ್ಷ ದಾರಿಯಲ್ಲಿ ಆಗಿದ್ದು, ಈ ವರ್ಷ ನಾನು ಮಾಡಿದ್ದು, ಅದನ್ನ ಹೇಳ್ತೀನಿ.

(2/4)
ಹೋದ ವರ್ಷ ಟ್ರೇಲರಿನಲ್ಲಿ ನಾವು ಹದಿನಾಲ್ಕು ಜನ. ಸಂಜೆ ಏಳಕ್ಕೆಲ್ಲ ಮುಟ್ಟಿ ಅಲ್ಲೇ ಊಟ ಅಂತ ಲೆಕ್ಕ. ಅಜ್ಜನಿಗೆ ಶುಗರ್. ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ತಗೋಬೇಕು. "ಇನ್ನೇನು ಬಂತಲ್ಲ" ಅಂತ ದಾರಿಯಲ್ಲೇ ಚುಚ್ಚಿಕೊಂಡ.

ಹತ್ತು ನಿಮಿಷಕ್ಕೆ ಟ್ರೇಲರಿನ ಎಡಗಡೆ ಟೈರು ಒಡೀತು. ಟ್ರೇಲರು ರಸ್ತೆ ಬಿಟ್ಟು ಒಂದು ಕಡೆ ವಾಲಿ ನಿಂತ್ತು. ಯಾರೂ ಬೀಳಲಿಲ್ಲ, ಅದು ನಮ್ಮ ಪುಣ್ಯ. ಸ್ಟೆಪ್ನಿ ಇರಲಿಲ್ಲ. ಜಾಕ್ ಇತ್ತು, ಆದರೆ ಎರೆ ಮಣ್ಣಿನಲ್ಲಿ ಜಾಕೇ ಒಳಗೆ ಇಳೀತಿತ್ತು. ಫೋನ್ ಹಚ್ಚಿದ್ರೆ ನೆಟ್‌ವರ್ಕ್ ಇಲ್ಲ. ಇಳಿಯೋ ಗಡಿಬಿಡಿಯಲ್ಲಿ ಅಜ್ಜನ ಊಟದ ವಿಷಯ ಎಲ್ಲರೂ ಮರೆತ್ವಿ.

ಮುಕ್ಕಾಲು ಗಂಟೆ ಆಗಿತ್ತೇನೋ. ಅಜ್ಜ ಬೆವರೋಕೆ ಶುರು ಮಾಡಿದ. ಕೈ ನಡುಗ್ತಿತ್ತು. ನನ್ನ ನೋಡಿ ನಮ್ಮ ಅತ್ತಿ ಹೆಸರಿಂದ ಕರೆದ. ನಾನು ದಣಿವು ಅಂದುಕೊಂಡೆ. ಅಮ್ಮಮ್ಮ ಅಂದುಕೊಳ್ಳಲಿಲ್ಲ. ದೋಣಿ ಸೇವೆಗೆ ಅಂತ ಕಟ್ಟಿದ್ದ ಗಂಟು ಬಿಚ್ಚಿ, ದೇವರಿಗೆ ಇಟ್ಟ ಬೆಲ್ಲವನ್ನೇ ಅಜ್ಜನ ಬಾಯಿಗೆ ಹಾಕಿದಳು. ಮೇಲೆ ಒಂದು ಬಾಳೆಹಣ್ಣು. "ಮೈಲಾರಪ್ಪ ಆಮ್ಯಾಲೆ ತಗೋತಾನ, ಮೊದಲು ನೀ ತಿನ್ನು" ಅಂದಳು. ಹದಿನೈದು ಇಪ್ಪತ್ತು ನಿಮಿಷಕ್ಕೆ ಅಜ್ಜ ನನ್ನ ಹೆಸರು ಹಿಡಿದು ಕರೆದ.

ಆಮೇಲೆ ರಾಣೆಬೆನ್ನೂರು ಕಡೆಯಿಂದ ಬಂದ ಒಂದು ಟ್ರಾಕ್ಟರಿನವರು ನಿಲ್ಲಿಸಿ, ಜಾಕಿನ ಕೆಳಗೆ ಹಲಗೆ ಕೊಟ್ಟು, ತಮ್ಮ ಸ್ಟೆಪ್ನಿ ಕೊಟ್ಟು ಹೋದ್ರು. "ಜಾತ್ರ್ಯಾಗ ಸಿಕ್ಕಾಗ ಕೊಡ್ರಿ" ಅಂದ್ರು. ಅಷ್ಟು ಜನರಲ್ಲಿ ಅವರನ್ನ ಹುಡುಕೋಕೆ ನಮಗೆ ಎರಡು ದಿನ ಬೇಕಾಯ್ತು.

(3/4)
ನಾನು ಬಿಕಾಂ. ಅಕೌಂಟೆನ್ಸಿಯಲ್ಲಿ ಒಂದು ನಿಯಮ ಬರುತ್ತೆ: ಲಾಭ ಕೈಗೆ ಬಂದ ಮೇಲೆ ಬರಿ, ನಷ್ಟವನ್ನ ಬರೋ ಮುಂಚೆಯೇ ಬರಿ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅಷ್ಟೆ. ಈ ವರ್ಷ ಜನವರಿಯಲ್ಲಿ ಒಂದು ನೋಟ್‌ಬುಕ್ ತೆಗೆದು ಎಡಗಡೆ "ಏನೇನು ಕೆಡಬಹುದು", ಬಲಗಡೆ "ಕೆಟ್ಟರೆ ಏನು" ಅಂತ ಬರೆದೆ. ಮನೆಯವರೆಲ್ಲ ನಕ್ಕರು. ನಿಮಗೆ ಉಪಯೋಗ ಆಗಬಹುದು, ತಗೊಳ್ಳಿ:

• ಟೈರು: ಅದೇ ಅಳತೆಯ ಟ್ರೇಲರ್ ಇರೋ ಪಕ್ಕದ ಮನೆಯವರ ಹತ್ರ ಸ್ಟೆಪ್ನಿ ಕಡ. ಜಾಕಿನ ಕೆಳಗೆ ಇಡೋಕೆ ದಪ್ಪ ಹಲಗೆ. ಗಾಲಿಗೆ ಒಡ್ಡೋಕೆ ಎರಡು ಕಲ್ಲು. ಟ್ರಾಕ್ಟರು-ಟ್ರೇಲರು ಕೂಡಿಸೋ ಪಿನ್ನು ಇನ್ನೊಂದು.
• ಕತ್ತಲು: ಟ್ರೇಲರಿನ ಹಿಂದೆ ಬೆಳಕು ಬಿದ್ರೆ ಹೊಳೆಯೋ ಸ್ಟಿಕ್ಕರ್. ಕೆಟ್ಟು ನಿಂತರೆ ಹಿಂದಿನವರಿಗೆ ಕಾಣಬೇಕು.
• ಇನ್ಸುಲಿನ್: ಫೆಬ್ರವರಿ ಅಂದ್ರೆ ನಮ್ಮಲ್ಲಿ ಬಿಸಿಲು ಶುರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ. ಎಲ್ಲಕ್ಕಿಂತ ಮುಖ್ಯ, ಊಟ ಕಣ್ಣೆದುರು ಬಂದ ಮೇಲೇ ಚುಚ್ಚೋದು. ಅಜ್ಜನ ಅಂಗಿ ಕಿಸೆಯಲ್ಲಿ ಯಾವಾಗಲೂ ಬೆಲ್ಲ. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ನೇರ 108.
• ಫೋನು: ಜಾತ್ರೆಯಲ್ಲಿ ನೆಟ್ ಇಲ್ಲ ಅಂತಲೇ ತಿಳೀರಿ. ಫೋನ್‌ಪೇ ನಂಬಬೇಡಿ, ಸಣ್ಣ ನೋಟು ಎರಡು ಕಡೆ ಇಡಿ. ಮಕ್ಕಳ ಮುಂಗೈ ಮೇಲೆ ಪೆನ್ನಿನಲ್ಲಿ ಎರಡು ನಂಬರ್.
• ತಪ್ಪಿಸಿಕೊಂಡರೆ: ಗುಡಿ ಮುಂದೆ ಸೇರೋಣ ಅನ್ನಬೇಡಿ, ಎಲ್ಲರೂ ಅಲ್ಲೇ ಇರ್ತಾರೆ. ಜನ ಕಡಿಮೆ ಇರೋ ಒಂದು ಗುರುತು ಹಗಲಲ್ಲೇ ನೋಡಿ ಇಟ್ಟುಕೊಳ್ಳಿ.

ಎಡಗಡೆ ಒಂದೇ ಸಾಲಿಗೆ ಬಲಗಡೆ ಏನೂ ಬರೆಯೋಕೆ ಆಗಲಿಲ್ಲ. "ಟ್ರೇಲರ್ ಪಲ್ಟಿ ಆದ್ರೆ."

ಟ್ರಾಕ್ಟರಿನ ಇನ್ಶೂರೆನ್ಸ್ ಕಾಗದ ತೆಗೆದು ಓದಿದೆ. ಸೀಟು ಡ್ರೈವರ್ ಒಬ್ಬನಿಗೆ. ಟ್ರೇಲರು ಇರೋದು ಸಾಮಾನಿಗೆ. ಹಿಂದೆ ಕೂತ ಹದಿನಾಲ್ಕು ಜನ ಆ ಕಾಗದದಲ್ಲಿ ಎಲ್ಲೂ ಇಲ್ಲ. ಅವರನ್ನ ಕೂರಿಸೋದೇ ಕಾನೂನಿಗೆ ವಿರುದ್ಧ. ನನ್ನ ಸ್ಟೆಪ್ನಿ, ಹಲಗೆ, ಬೆಲ್ಲ ಎಲ್ಲ ಸಣ್ಣ ನಷ್ಟಕ್ಕೆ. ದೊಡ್ಡ ನಷ್ಟಕ್ಕೆ ಪ್ಲ್ಯಾನ್ ಬಿ ಅಂತ ಒಂದು ಇಲ್ಲವೇ ಇಲ್ಲ. ಪ್ಲ್ಯಾನ್ ಎ ಯನ್ನೇ ಬದಲಿಸಬೇಕು.

(4/4)
ಅದನ್ನ ಮನೆಯಲ್ಲಿ ಹೇಳೋದು ಲೆಕ್ಕ ಹಾಕಿದಷ್ಟು ಸುಲಭ ಇರಲಿಲ್ಲ. ಚಿಗಪ್ಪ "ಇಷ್ಟ್ ವರ್ಷ ಏನಾಗೇತಿ?" ಅಂದ. ಅಜ್ಜ ಮಾತೇ ಆಡಲಿಲ್ಲ. ಚಿಕ್ಕವನಿದ್ದಾಗಿಂದ ಬಂಡಿಯಲ್ಲಿ ಹೋದವನು, ಎತ್ತು ಮಾರಿದ ಮೇಲೆ ಟ್ರೇಲರಿನಲ್ಲಿ. ಬಸ್ಸಿನಲ್ಲಿ ಹೋದ್ರೆ ಅದು ಸಂತಿಗೆ ಹೋದಂಗ, ಜಾತ್ರಿಗೆ ಹೋದಂಗ ಅಲ್ಲ ಅಂತ ಅವನ ಲೆಕ್ಕ. ಕೊನೆಗೆ ಒಂದೇ ಮಾತು ಹೇಳಿದ: "ಮೈಲಾರಪ್ಪನ್ನ ನಂಬಿ ಹೊಂಟೀವಿ. ಅವ ನೋಡಿಕೊಳ್ತಾನ."

ನಾನು ಕೇಳಿದೆ: "ಅಜ್ಜ, ಕಾರ್ಣಿಕ ಚಲೋ ಬಂದ ವರ್ಷಾನೂ ನೀ ಅಕ್ಕಡಿ ಸಾಲು ಯಾಕ ಹಾಕ್ತಿ? ದೇವರ ಮಾತು ನಂಬಿ ಬರೀ ಮೆಕ್ಕೆಜೋಳ ಹಾಕಬಹುದಲ್ಲ?"

ಅಜ್ಜ ಬಹಳ ಹೊತ್ತು ನನ್ನ ನೋಡಿದ. "ಓದಿಸಿದ್ದು ತಪ್ಪಾತು" ಅಂದ. ಎದ್ದು ಹೋಗಿ ತಾಡಪಾಲು ಬಿಚ್ಚೋಕೆ ಕೂತ.

ಈ ವರ್ಷ ಹಿಂಗೆ ಹೋದ್ವಿ: ಚಿಗಪ್ಪ ಒಬ್ಬನೇ ಟ್ರಾಕ್ಟರಿನಲ್ಲಿ, ಹಗಲಲ್ಲೇ, ಸಾಮಾನು ಹೇರಿಕೊಂಡು. ಉಳಿದವರು ಬಸ್ಸಿಗೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ನಮ್ಮ ಮನೆ ಹೆಂಗಸರ ಟಿಕೆಟ್ ಸೊನ್ನೆ. ಅಜ್ಜನಿಗೆ ಹಿರಿಯ ನಾಗರಿಕರ ಕಾರ್ಡು, ಶೇ. 25 ಕಡಿಮೆ. ಬಸ್ಸು ತುಂಬಿ ತುಳುಕ್ತಿತ್ತು, ಮೊದಲನೇದು ಬಿಟ್ಟು ಎರಡನೇದಕ್ಕೆ ಹತ್ತಿದ್ವಿ. ಅದೂ ನೋಟ್‌ಬುಕ್‌ನಲ್ಲಿ ಇತ್ತು. ಮೈಲಾರದಲ್ಲಿ ಇಳಿದ್ರೆ ಹೊಲದಲ್ಲಿ ನಮ್ಮ ಟ್ರೇಲರು ಕಮಾನು ಕಟ್ಟಿಸಿಕೊಂಡು ನಿಂತಿತ್ತು. ಗಾಲಿಗೆ ಕಲ್ಲು ಒಡ್ಡಿತ್ತು. ಮೂರು ರಾತ್ರಿ ಅದರಲ್ಲೇ ಮಲಗಿದ್ವಿ. ನಿಂತ ಟ್ರೇಲರಿನಷ್ಟು ಚಂದದ ಮನೆ ಇನ್ನೊಂದಿಲ್ಲ.

ಎಲ್ಲ ಸರಿ ಹೋಯ್ತು ಅಂತ ಹೇಳಲ್ಲ. ಬಸ್ಸಿನಲ್ಲಿ ಅಜ್ಜ ಕಿಟಕಿಯಿಂದ ಒಂದೊಂದೇ ಟ್ರಾಕ್ಟರು ಎಣಿಸ್ತಾ ಕೂತಿದ್ದ. ಜನ ತುಂಬಿದ ಟ್ರೇಲರು, ಏಳುಕೋಟಿ ಕೂಗು, ಡಮರುಗದ ಸದ್ದು. ಅವನ ಮುಖ ನೋಡಿದಾಗ ನಾನು ಏನೋ ಕಿತ್ಕೊಂಡೆ ಅನ್ನಿಸ್ತು. ಈಗಲೂ ಅನ್ನಿಸುತ್ತೆ. ಆದರೂ ಆ ಸಾಲನ್ನ ಖಾಲಿ ಬಿಡೋಕೆ ನನ್ನ ಕೈಲಿ ಆಗ್ತಿರಲಿಲ್ಲ.

ವಾಪಸ್ ಬರೋವಾಗ ಹಾದಿ ಪಕ್ಕ ಒಂದು ಟ್ರೇಲರು ಪಂಕ್ಚರ್ ಆಗಿ ನಿಂತಿತ್ತಂತೆ. ಚಿಗಪ್ಪ ನಿಲ್ಲಿಸಿ ಸ್ಟೆಪ್ನಿ, ಹಲಗೆ ಎರಡೂ ಕೊಟ್ಟು ಬಂದಿದ್ದಾನೆ. ಕಡ ತಂದ ಸ್ಟೆಪ್ನಿ ಅದು! ಇನ್ನೂ ವಾಪಸ್ ಬಂದಿಲ್ಲ. ಪಕ್ಕದ ಮನೆಯವರಿಗೆ ಏನು ಹೇಳಲಿ ಅಂತ ನಾನು, "ಬರ್ತದ ಬಿಡವಾ" ಅಂತ ಅಜ್ಜ.

ಕೊನೆ ಫೋಟೊ ನನ್ನ ನೋಟ್‌ಬುಕ್ಕು. ಪುಟದ ಕೆಳಗೆ ಇರೋ ಸೊಟ್ಟ ಅಕ್ಷರ ಅಜ್ಜಂದು. "ಮುಂದಿನ ವರ್ಷ ಬೆಲ್ಲ ಎರಡು ಕಿಸೆಗೆ" ಅಂತ ಬರೆದಿದ್ದಾನೆ.

ನಿಮ್ಮ ಮನೆಯವರು ಜಾತ್ರೆಗೆ ಹೆಂಗೆ ಹೋಗ್ತೀರಿ? ನಿಮ್ಮ ನೋಟ್‌ಬುಕ್‌ನಲ್ಲಿ ಖಾಲಿ ಇರೋ ಸಾಲು ಯಾವುದು? ಕೆಳಗೆ ಬರೀರಿ, ಓದ್ತೀನಿ.

#ಹೂವಿನಹಡಗಲಿ #ಮೈಲಾರಜಾತ್ರೆ #ನಮ್ಮಹಾದಿ