ಮಗ್ಗುಲಬಂಡಿಯ ಹದ

ಎರಡು ಗಾಲಿಯ ಬೈಕಿಗೆ ಬಾಗುವುದು ಗೊತ್ತು. ತಿರುವು ಬಂದರೆ ಸವಾರನ ಜೊತೆ ತಾನೂ ವಾಲಿ, ಸಲೀಸಾಗಿ ಹೊರಳಿಕೊಳ್ಳುತ್ತದೆ. ಅದರ ಎಡಮಗ್ಗುಲಿಗೊಂದು ಸೈಡ್‌ಕಾರ್ ಕಟ್ಟಿನೋಡಿ, ಆ ವಿದ್ಯೆಯೆಲ್ಲ ಒಮ್ಮೆಗೇ ಮರೆತುಹೋಗುತ್ತದೆ. ಆಕ್ಸಿಲರೇಟರ್ ತಿರುವಿದರೆ ಎಡಕ್ಕೆ ಎಳೆಯುತ್ತದೆ, ಬೈಕಿನ ಬ್ರೇಕ್ ಒತ್ತಿದರೆ ಬಲಕ್ಕೆ. ಎಡ ತಿರುವಿನಲ್ಲಿ ಖಾಲಿ ಸೈಡ್‌ಕಾರಿನ ಗಾಲಿ ನೆಲ ಬಿಟ್ಟು ಏಳಲು ನೋಡುತ್ತದೆ. ಬಲ ತಿರುವಿನಲ್ಲಿ ಅದೇ ಗಾಲಿ ನೆಲವನ್ನು ಅವುಚಿಕೊಂಡು ಕೂರುತ್ತದೆ. ಈ ಮುಗ್ಗಾಲಿಯನ್ನು ಒಂದೇ ಪಟ್ಟಿಗೆ ಪಳಗಿಸಿದವರನ್ನು ನಾನು ಕಂಡಿಲ್ಲ. ಹಾಗೆ ಪಳಗಿಸಿಬಿಟ್ಟರೆ ಉಳಿಯುವುದಾದರೂ ಏನು? ಬೋಲ್ಟಿಗೆ ಕಾಲು ಸುತ್ತು, ಒಂದು ಸವಾರಿ, ಒಂದು ಲೋಟ ಕಾಫಿ, ಮತ್ತೆ ಕಾಲು ಸುತ್ತು. ಹೀಗೆ ಭಾನುವಾರಗಳು ಕರಗುತ್ತ ಹೋಗಬೇಕು.

1975ರ 'ಶೋಲೆ'ಯ ಸೈಡ್‌ಕಾರ್ ನಿಮಗೆ ನೆನಪಿರಬಹುದು. ಬಹುಪಾಲು ನಮ್ಮ ರಾಮನಗರದ ಬಂಡೆಗಳ ನಡುವೆಯೇ ತೆಗೆದ ಸಿನಿಮಾ ಅದು. ಜೈ ಮತ್ತು ವೀರೂ ಹಾಡುತ್ತ ಹೋಗುವಾಗ ಸೈಡ್‌ಕಾರ್ ಕಳಚಿಕೊಂಡು ತನ್ನ ಪಾಡಿಗೆ ಬೇರೆ ದಾರಿ ಹಿಡಿದು, ಆಮೇಲೆ ಬಂದು ಸೇರಿಕೊಳ್ಳುತ್ತದೆ. ನೋಡಿದಾಗೆಲ್ಲ ಹಿಗ್ಗುತ್ತೇನೆ. ನೆಲದ ಮೇಲಿನ ಮಗ್ಗುಲಬಂಡಿ ಮಾತ್ರ ಸಾಮಾನ್ಯವಾಗಿ ನಾಲ್ಕು ಕಡೆ ಬಿಗಿದ ನಂಟು. ಕೆಳಗಿನ ಎರಡು ಹಿಡಿಕೆಗಳು ಗಾಲಿಯ ದಿಕ್ಕನ್ನು ನೋಡಿಕೊಳ್ಳುತ್ತವೆ, ಮೇಲಿನ ಎರಡು ಸರಳುಗಳು ಬೈಕಿನ ವಾಲನ್ನು.

ನನ್ನ ಬುಲೆಟ್ಟಿಗೆ ಅದನ್ನು ಕೂರಿಸಿದ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲೇ ಕೇಳಿದ್ದು, "ಇದರಲ್ಲಿ ಕೂರೋರು ಯಾರು ಸಾರ್?"

"ಅಮ್ಮ."

"ಹಾಗಾದ್ರೆ ಅಮ್ಮಾವ್ರನ್ನ ಕರ್ಕೊಂಡ್ ಬನ್ನಿ. ಖಾಲಿ ಗಾಡಿ ಅಳತೆ ಪ್ರಯೋಜನಕ್ಕೆ ಬರಲ್ಲ."

ಅಮ್ಮ ಬಂದು ಕೂತರು. ಮಡಿಲಲ್ಲಿ ಕಡಲೆಕಾಯಿ ಪೊಟ್ಟಣ. ಮೇಸ್ತ್ರಿ ಗಾರೆ ಕೆಲಸದವರ ಉದ್ದನೆಯ ಅಲ್ಯುಮಿನಿಯಂ ಪಟ್ಟಿಗಳೆರಡನ್ನು ತಂದು, ಒಂದನ್ನು ಬೈಕಿನ ಎರಡೂ ಗಾಲಿಗಳಿಗೆ ತಾಗಿಸಿ, ಇನ್ನೊಂದನ್ನು ಸೈಡ್‌ಕಾರಿನ ಗಾಲಿಗೆ ಒತ್ತಿ ನೆಲದ ಮೇಲಿಟ್ಟರು. ಹಿಂದೆ ಅಳೆದರು, ಮುಂದೆ ಅಳೆದರು. ಮುಂದಿನ ಅಂತರ ಅರ್ಧ ಅಂಗುಲ ಕಡಿಮೆ ಇರಬೇಕು, ಅಂದರೆ ಪಕ್ಕದ ಗಾಲಿ ಒಂಚೂರು ಬೈಕಿನ ಕಡೆಗೆ ಮುಖ ತಿರುಗಿಸಿರಬೇಕು. ಆಗ ಅದು ಬಂಡಿಯನ್ನು ಮೆಲ್ಲಗೆ ಬಲಕ್ಕೆ ದೂಡುತ್ತ, ಎಡಕ್ಕೆಳೆಯುವ ತನ್ನದೇ ಭಾರವನ್ನು ಸರಿದೂಗಿಸುತ್ತದೆ. ಅತಿಯಾದರೆ ಟೈರು ರಸ್ತೆಗೆ ಉಜ್ಜಿ ಉಜ್ಜಿ ಸವೆಯುತ್ತದೆ.

ಆಮೇಲೆ ತೂಗುಗುಂಡು. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಯುತ್ತವೆ. ಎಡಕ್ಕೆ ಓಡುವ ನಮ್ಮನ್ನು ಆ ಇಳಿಜಾರೂ ಎಡಕ್ಕೇ ಕರೆಯುತ್ತದೆ. ಅದಕ್ಕೇ ಬೈಕನ್ನು ಒಂದೆರಡು ಡಿಗ್ರಿ ಬಲಕ್ಕೆ ವಾಲಿಸಿ ನಿಲ್ಲಿಸುವುದು. ವಾಲು ತಿದ್ದಿದರೆ ಗಾಲಿಯ ದಿಕ್ಕು ಹಂದುತ್ತದೆ, ದಿಕ್ಕು ತಿದ್ದಿದರೆ ವಾಲು. ಒಂದು ಸಲಕ್ಕೆ ಒಂದೇ ತಿದ್ದಾಟ ಎಂಬುದು ಮೇಸ್ತ್ರಿಯ ಶಾಸನ, ನಾನದನ್ನು ಭಕ್ತಿಯಿಂದ ಪಾಲಿಸುತ್ತೇನೆ. ತಂಬೂರಿಯ ತಂತಿಯಡಿ ದಾರದೆಳೆಯನ್ನು ಕೂದಲಷ್ಟು ಸರಿಸಿದಾಗ ನಾದ ತಟಕ್ಕನೆ ಅರಳುತ್ತದಲ್ಲ, ಸರಳಿನ ಅರ್ಧ ಸುತ್ತಿಗೆ ನನ್ನ ಭುಜ ಹಾಗೆ ಸಡಿಲಾಯಿತು. ನಂಜನಗೂಡಿನ ದಾರಿಯಲ್ಲಿ ಬೆರಳ ತುದಿಯಲ್ಲಿ ಹ್ಯಾಂಡಲ್ ಹಿಡಿದೆ, ಬಂಡಿ ನೆಟ್ಟಗೆ ಹೋಯಿತು.

ಮುಂದಿನ ಗಾಲಿಯ ಗುಟ್ಟೇ ಬೇರೆ. ಹ್ಯಾಂಡಲ್ ತಿರುಗುವ ಅಚ್ಚಿನ ಗೆರೆಯನ್ನು ಮನಸ್ಸಿನಲ್ಲೇ ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಕೊಂಚ ಮುಂದೆ ಬೀಳುತ್ತದೆ. ಆ ಅಂತರವೇ ಟ್ರೇಲ್. ಅದು ಹೆಚ್ಚಿದ್ದಷ್ಟೂ ಗಾಲಿ ತಾನಾಗಿ ನೇರಕ್ಕೆ ಮರಳುತ್ತದೆ. ಒಂಟಿ ಬೈಕಿಗೆ ಅದು ವರ. ಬಾಗಲಾರದ ಮುಗ್ಗಾಲಿಗೆ ಪ್ರತಿ ತಿರುವಿನಲ್ಲೂ ತೋಳುನೋವು. 1955ರಿಂದ 1969ರವರೆಗೆ ಬಿಎಂಡಬ್ಲ್ಯು ತನ್ನ ಬೈಕುಗಳಿಗೆ ಇಂಗ್ಲೆಂಡಿನ ಅರ್ನೆಸ್ಟ್ ಅರ್ಲ್ಸ್ ರೂಪಿಸಿದ ಬಗೆಯ ಫೋರ್ಕ್ ಕೂರಿಸಿತ್ತು. ಅದರಲ್ಲಿ ಕೀಲಿಗೆ ಎರಡು ಜಾಗ, ಒಂದು ಒಂಟಿ ಸವಾರಿಗೆ, ಇನ್ನೊಂದು ಸೈಡ್‌ಕಾರಿಗೆ. ಕಾರ್ಖಾನೆಯಲ್ಲಿ ಕೂತ ಯಾರೋ ದೂರದ ಸವಾರನ ತೋಳುಗಳ ಬಗ್ಗೆ ಯೋಚಿಸಿದ್ದರಲ್ಲ, ನನಗೆ ಆ ಪುಟ್ಟ ಎರಡನೇ ತೂತಿನ ಮೇಲೆ ತುಂಬ ಪ್ರೀತಿ. ಟ್ರೇಲ್ ತಗ್ಗಿಸಿದರೆ ಹ್ಯಾಂಡಲ್ ಹಗುರಾಗುತ್ತದೆ, ಆದರೆ ನಿಧಾನ ಹೋಗುವಾಗ ಗಡಗಡ ನಡುಗುವ ಚಾಳಿ ಹತ್ತಬಹುದು. ಅದನ್ನು ಅಡಗಿಸಲು ಸ್ಟಿಯರಿಂಗ್ ಡ್ಯಾಂಪರ್. ಎಷ್ಟೋ ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಹ್ಯಾಂಡಲ್ ನಡುವೆ ಕಾಣುವ ದಪ್ಪ ತಿರುಗುಣಿ ಇದಕ್ಕೆಂದೇ ಇರುವುದು.

ಈ ಲೆಕ್ಕಗಳೊಂದೂ ಅಮ್ಮನಿಗೆ ಬೇಡ. ಆದರೂ ಬಂಡಿಯ ಹದ ಅವರಷ್ಟು ಚೆನ್ನಾಗಿ ಯಾರಿಗೂ ತಿಳಿಯದು. ಮೊನ್ನೆ ಇಳಿಯುತ್ತಲೇ ಹೇಳಿದರು: "ಟೈರು ಮೊದಲಿನ ಹಾಗೆ ಕುಯ್ಯೋ ಅನ್ನಲ್ಲ ಕಣೋ. ಗುಂಡಿ ಸಿಕ್ಕಿದ್ರೆ ಮಾತ್ರ ಸೊಂಟಕ್ಕೆ ಬಡಿಯುತ್ತೆ."

ಪಕ್ಕದ ಗಾಲಿಯ ಗಾಳಿ ತುಸು ಇಳಿಸಿದೆವು. ಸೈಡ್‌ಕಾರ್ ಒಂದು ನೂಲಿನಷ್ಟು ತಗ್ಗಿತು, ಅದರೊಂದಿಗೆ ಬೈಕೂ ಎಡಕ್ಕೆ ಹೊರಳಿತು. ಮೇಸ್ತ್ರಿ ಮೇಲಿನ ಸರಳಿನ ಚೆಕ್‌ನಟ್ ಸಡಿಲಿಸುತ್ತ, "ಅಮ್ಮಾವ್ರೇ, ಇನ್ನೊಂದ್ಸಲ ಕೂತ್ಕೋತೀರಾ?" ಎಂದರು.